ಕೂಸು ಹುಟ್ಟುವ ಮುಂಚೆ ಬರೆದಿಟ್ಟ ಕಾಗದ

ಮಗಳಿಗೆ ಇವತ್ತಿಗೆ 52 ದಿನ. ಅಮ್ಮ ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ನೀರೆರೆದು ಈಗಷ್ಟೇ ಮಲಗಿಸಿದ್ದಾಳೆ. ಸಾಂಬ್ರಾಣಿ ಹೊಗೆ ಮಾತ್ರ ಬೇಡ ಅಂತ ಮಕ್ಕಳ ಡಾಕ್ಟರ್ ಹೇಳಿದ್ದಾರೆ, ಅಮ್ಮ ಒಪ್ಪಿಕೊಂಡಿದ್ದಾಳೆ. ನನಗೆ ಸಿಗುವುದು ಈ ಒಂದು ಗಂಟೆ. ಹೆರಿಗೆಗೆ ಅಂತ ನಾನು ಮೊದಲೇ ಬರೆದಿಟ್ಟ ಯೋಜನೆ ಏನಾಯಿತು ಅನ್ನೋದನ್ನು, ಎಲ್ಲ ಮರೆತುಹೋಗುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ. ನನ್ನ ಫೈಲ್ ಮೇಲೆ 'ಹೈ ರಿಸ್ಕ್' ಅಂತ ಕೆಂಪು ಸ್ಟಿಕ್ಕರ್ ಅಂಟಿಸಿದ ದಿನ ನಾನು ರಾತ್ರಿಯೆಲ್ಲ ಹುಡುಕಿದ್ದು ಇಂಥದ್ದೇ ಒಂದು ಬರಹ. ಕನ್ನಡದಲ್ಲಿ ನನಗೆ ಸಿಗಲಿಲ್ಲ.

ನನಗೆ 37 ವರ್ಷ. ಮೊದಲಿಂದಲೂ ಬಿಪಿ ಇದೆ. ರಕ್ತದ ಗುಂಪು ಬಿ ನೆಗೆಟಿವ್, ನಮ್ಮವರದು ಓ ಪಾಸಿಟಿವ್. ಎರಡು ವರ್ಷದ ಹಿಂದೆ ಒಂದು ಗರ್ಭ ಒಂಬತ್ತನೇ ವಾರಕ್ಕೇ ಹೋಗಿತ್ತು. ಹಾಗಾಗಿ ಈ ಸಲ 12ನೇ ವಾರದಿಂದಲೇ ಡಾಕ್ಟರ್ ರಾತ್ರಿ ಹೊತ್ತು ಕಡಿಮೆ ಡೋಸಿನ ಆಸ್ಪಿರಿನ್ ಶುರು ಮಾಡಿದರು. ಅಪಾಯ ಇರುವವರಲ್ಲಿ ಮುಂದೆ ಬಿಪಿ ಕೈಮೀರಿ ಹೋಗುವುದನ್ನು ತಡೆಯಲು ಇದನ್ನು 16ನೇ ವಾರದೊಳಗೆ ಶುರು ಮಾಡಿದರೆ ಒಳ್ಳೆಯದಂತೆ. ಜೊತೆಗೆ ಬಿಪಿ ಮಾತ್ರೆ ಬದಲಾಯಿಸಿದರು. ನಾನು ತೆಗೆದುಕೊಳ್ಳುತ್ತಿದ್ದದ್ದು ಬಸುರಿಯರಿಗೆ ಆಗದ ಮಾತ್ರೆ. ನಿಮಗೆ ಬಿಪಿ ಇದ್ದು ಮಗುವಿಗೆ ಯೋಚಿಸುತ್ತಿದ್ದರೆ, ಬಸಿರು ನಿಲ್ಲುವ ಮುಂಚೆಯೇ ಮಾತ್ರೆಯ ಹೆಸರು ಡಾಕ್ಟರಿಗೆ ತೋರಿಸಿ. ನಾನು ತೋರಿಸಿದ್ದು ತಡವಾಗಿ. ಆಮೇಲೆ ಎರಡು ವಾರ ಪಟ್ಟ ಭಯ ಯಾರಿಗೂ ಬೇಡ.

ಹೆರಿಗೆಯ ಬಗ್ಗೆ ಒಂದು ಯೋಜನೆ ಬರೆದಿಟ್ಟುಕೋ ಅಂತ ಹೇಳಿದ್ದು ಆಫೀಸಿನ ಗೆಳತಿ. 24ನೇ ವಾರದಲ್ಲಿ ಒಂದು ಹಾಳೆ ತುಂಬ ಬರೆದೆ. ನೋವು ತಾನಾಗಿಯೇ ಬರಬೇಕು. ಓಡಾಡಲು ಬಿಡಬೇಕು. ನಮ್ಮವರು ಪಕ್ಕದಲ್ಲೇ ಇರಬೇಕು. ಹೊಕ್ಕುಳ ಬಳ್ಳಿಯನ್ನು ಕೂಡಲೇ ಕತ್ತರಿಸಬಾರದು. ಮಗುವನ್ನು ಮೊದಲು ನನ್ನ ಎದೆ ಮೇಲೆ ಮಲಗಿಸಬೇಕು. ಪುಡಿ ಹಾಲು ಕೊಡಬಾರದು. ಎಲ್ಲ 'ಬೇಕು', 'ಬಾರದು'.

ಡಾಕ್ಟರ್ ಪೂರ್ತಿ ಓದಿದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರೂ ಓದಿದರು. ಆಮೇಲೆ ಹಾಳೆ ತಿರುಗಿಸಿ ಖಾಲಿ ಬದಿಯಲ್ಲಿ ನಾಲ್ಕು ಗೆರೆ ಎಳೆದರು. "ನೀವು ಒಂದೇ ದಾರಿ ಬರೆದಿದ್ದೀರಿ. ನಿಮಗೆ ನಾಲ್ಕು ದಾರಿ ಇವೆ. ನೋವು ತಾನಾಗಿ ಬರಬಹುದು. ನಾವೇ ಬರಿಸಬೇಕಾಗಬಹುದು. ಸಿಸೇರಿಯನ್ ಆಗಬಹುದು. ಮಗು ಎನ್‌ಐಸಿಯುಗೆ, ಅಂದರೆ ಆಗತಾನೇ ಹುಟ್ಟಿದ ಮಕ್ಕಳ ಐಸಿಯುಗೆ ಹೋಗಬಹುದು. ನಾಲ್ಕಕ್ಕೂ ಬರೆಯಿರಿ" ಅಂದರು. ನಾನು ಹಾಳೆ ತೆಗೆದುಕೊಂಡು ಏಳುವಾಗ ಇನ್ನೊಂದು ಕೇಳಿದರು. "ಇದರಲ್ಲಿ ನಿಮಗೆ ಬಿಡೋಕೇ ಆಗದ್ದು ಯಾವುದು?"

ಆಟೋದಲ್ಲಿ ಬೆಂಗಳೂರಿನ ವಿಜಯನಗರದ ಮನೆ ಸೇರುವವರೆಗೂ ಅಳುತ್ತಲೇ ಇದ್ದೆ. ಮೂರು ದಾರಿಗಳು ನನಗೆ ಸೋಲಿನ ಹಾಗೆ ಕಂಡಿದ್ದವು. ಆದರೆ ಆ ಕೊನೆಯ ಪ್ರಶ್ನೆ ಬಿಡಲಿಲ್ಲ. ಉತ್ತರ ಹುಡುಕಲು ಹತ್ತು ದಿನ ಹಿಡಿಯಿತು. ಕೊನೆಗೆ ಮೂರೇ ಉಳಿದವು. ಏನು ನಡೀತಿದೆ ಅಂತ ನನಗೆ ಯಾರಾದರೂ ಹೇಳುತ್ತಿರಬೇಕು. ಮಗು ಒಂದು ಹೊತ್ತೂ ನಮ್ಮ ಮನೆಯ ಯಾರಾದರೊಬ್ಬರು ಜೊತೆಗಿಲ್ಲದೆ ಇರಬಾರದು. ಹೇಗೇ ಹುಟ್ಟಿದರೂ ಅದಕ್ಕೆ ನನ್ನ ಹಾಲು ಸಿಗಬೇಕು. ಉಳಿದದ್ದೆಲ್ಲ ಆದರೆ ಸಂತೋಷ, ಆಗದಿದ್ದರೆ ಬಿಡಬಹುದು ಅನ್ನಿಸಿತು. ಈ ಮೂರನ್ನು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ.

ಕಷ್ಟ ಆಗಿದ್ದು ಮನೆಯಲ್ಲಿ. ತಿಪಟೂರಿನಿಂದ ಅಮ್ಮ ಫೋನ್ ಮಾಡಿದಾಗ ವಿಷಯ ಹೇಳಿದೆ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬಾರದು ಅಂತಾರೆ. ನೀನು ಆಪರೇಷನ್ನು, ಐಸಿಯು ಅಂತೆಲ್ಲ ಬರೀತಾ ಕೂತಿದ್ದೀಯ. ಬಿಡ್ತು ಅನ್ನು!" ಅಂದಳು. ನಾನು ಬಿಡ್ತು ಅಂದೆ. ಬರೆಯುವುದನ್ನು ಮಾತ್ರ ಬಿಡಲಿಲ್ಲ. ಮೊದಲ ಹೆರಿಗೆ ತವರಲ್ಲೇ ಆಗಬೇಕು ಅನ್ನೋದು ಅವಳ ಆಸೆ. ಏಳನೇ ತಿಂಗಳ ಸೀಮಂತ ಮುಗಿಸಿ ಕರೆದುಕೊಂಡು ಹೋಗಲು ದಿನವನ್ನೂ ನೋಡಿಸಿದ್ದಳು. ಡಾಕ್ಟರ್ ಬೇಡವೇ ಬೇಡ ಅಂದರು. ರಾತ್ರಿ ಏನಾದರೂ ಆದರೆ ಬಿ ನೆಗೆಟಿವ್ ರಕ್ತ, ಅರಿವಳಿಕೆ ಡಾಕ್ಟರ್, ಎನ್‌ಐಸಿಯು ಮೂರೂ ಒಂದೇ ಕಟ್ಟಡದಲ್ಲಿ ಸಿಗಬೇಕು ಅಂದರು. ನಾನು ಎಷ್ಟು ಹೇಳಿದರೂ ಅಮ್ಮ ಕೇಳಿರಲಿಲ್ಲ. ಒಂದು ದಿನ ಅವಳನ್ನೇ ಡಾಕ್ಟರ್ ಹತ್ತಿರ ಕೂರಿಸಿದೆ. ಹೊರಗೆ ಬಂದು, "ಹಾಗಾದ್ರೆ ನಾನೇ ಬರ್ತೀನಿ ಬಿಡು" ಅಂದಳು. ಸೀಮಂತ ನಮ್ಮ ಮನೆಯ ಹಾಲ್‌ನಲ್ಲೇ ಹನ್ನೆರಡು ಜನರ ಮಧ್ಯೆ ಆಯಿತು. ಹಿರಿಯರನ್ನು ಒಪ್ಪಿಸುವ ಭಾರ ನೀವೊಬ್ಬರೇ ಹೊರಬೇಡಿ. ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿ.

ನಾವು ಮೂರು ಆಸ್ಪತ್ರೆ ನೋಡಿದೆವು. ಒಂದು ಕಡೆ ಪ್ಯಾಕೇಜ್ ಕಡಿಮೆ, ರೂಮು ಚೆಂದ. ಆದರೆ ಎನ್‌ಐಸಿಯು ಇರಲಿಲ್ಲ. ಮಗುವಿಗೆ ತೊಂದರೆಯಾದರೆ ಆಂಬುಲೆನ್ಸ್‌ನಲ್ಲಿ ಬೇರೆಡೆ ಕಳಿಸುತ್ತಾರಂತೆ. ಅಂದರೆ ಮಗು ಒಂದು ಕಡೆ, ನಾನು ಒಂದು ಕಡೆ. ಅದನ್ನು ಬಿಟ್ಟೆವು. ಆಮೇಲೆ ಎಲ್ಲಿ ಹೋದರೂ ಇದನ್ನೇ ಮೊದಲು ಕೇಳಿದೆವು: ರಾತ್ರಿ ಎರಡು ಗಂಟೆಗೆ ಅರಿವಳಿಕೆ ಡಾಕ್ಟರ್ ಆಸ್ಪತ್ರೆಯಲ್ಲೇ ಇರ್ತಾರಾ, ಮನೆಯಿಂದ ಬರ್ತಾರಾ? ಎನ್‌ಐಸಿಯುಗೆ ದಿನಕ್ಕೆ ಎಷ್ಟು? ಸಿಸೇರಿಯನ್ ಆದರೆ ನಮ್ಮವರನ್ನು ಒಳಗೆ ಬಿಡ್ತೀರಾ? ನಾವು ಆರಿಸಿದ ಕಡೆ ಸಿಸೇರಿಯನ್ ಪ್ಯಾಕೇಜ್ 1,45,000 ರೂಪಾಯಿ, ಇಬ್ಬರಿರುವ ರೂಮಿಗೆ. ಹೈ ರಿಸ್ಕ್ ಆದ್ದರಿಂದ ಇನ್ನೊಂದು 20,000. ಎನ್‌ಐಸಿಯುಗೆ ದಿನಕ್ಕೆ 14,000, ಔಷಧಿ ಬೇರೆ. ಆಫೀಸಿನ ಇನ್ಶೂರೆನ್ಸ್‌ನಲ್ಲಿ ಹೆರಿಗೆಗೆ 75,000ದ ಮಿತಿ ಇತ್ತು. ಮಗುವಿಗೆ ಮೊದಲ ದಿನದಿಂದಲೇ ರಕ್ಷಣೆ ಇದೆಯಾ ಅಂತ ಎಚ್‌ಆರ್‌ಗೆ ಮೇಲ್ ಹಾಕಿ ಬರಹದಲ್ಲಿ ಉತ್ತರ ತರಿಸಿಕೊಂಡೆ. ಆ ಮೇಲ್ ಆಮೇಲೆ ನಮ್ಮನ್ನು ಕಾಪಾಡಿತು.

ಇಷ್ಟು ಹಣ ಹೊಂದಿಸಲು ಆಗದವರಿಗೆ ಒಂದು ಮಾತು. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಕೇಂದ್ರಗಳಲ್ಲಿ ಬಸುರಿಯರಿಗೆ ಡಾಕ್ಟರಿಂದ ಉಚಿತ ತಪಾಸಣೆ ಇರುತ್ತದೆ. ಅಪಾಯ ಇರುವವರ ಕಾರ್ಡ್‌ಗೆ ಕೆಂಪು ಸ್ಟಿಕ್ಕರ್ ಹಾಕುವುದು ಅಲ್ಲಿನ ಪದ್ಧತಿ. ನಮ್ಮ ಮನೆಗೆಲಸಕ್ಕೆ ಬರುವವರ ಸೊಸೆ ಹೀಗೆ ತೋರಿಸಿಕೊಂಡು ವಾಣಿವಿಲಾಸ ಆಸ್ಪತ್ರೆಯಲ್ಲಿ ಹೆತ್ತಳು. ಹೆರಿಗೆ ಹೊತ್ತಲ್ಲಿ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಹೇಳಿದೆ. ಕೇಳಲು ಹಿಂಜರಿಯಬೇಡಿ. ಖಾಸಗಿಯಲ್ಲಿ ತೋರಿಸುವವರೂ ಆಶಾ ಕಾರ್ಯಕರ್ತೆಯನ್ನು ಹುಡುಕಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಸ್ಕ್ಯಾನಿಂಗ್‌ಗೂ ಹೆರಿಗೆಗೂ ನಮ್ಮಲ್ಲಿ ಆ ನಂಬರ್ ಕೇಳಿದರು. ನಾನದನ್ನು ಆರನೇ ತಿಂಗಳಲ್ಲಿ ಮಾಡಿಸಿ ಮೂರು ದಿನ ಅಲೆದೆ. ಪ್ರತಿ ಸ್ಕ್ಯಾನಿಗೂ ಆಧಾರ್‌ನಂಥ ಗುರುತಿನ ಚೀಟಿಯ ಪ್ರತಿ ಕೇಳುತ್ತಾರೆ, ಫಾರಂ ಎಫ್‌ಗೆ ಸಹಿ ಹಾಕಬೇಕು. ಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಫಾರಂ ಅದು.

28ನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್ ಆಯಿತು. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆಗಿದ್ದರೆ ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ನಿಲ್ಲದಂತೆ ಇದು ತಡೆಯುತ್ತದೆ. ಮಗು ಪಾಸಿಟಿವ್ ಅಂತ ಗೊತ್ತಾದರೆ ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಂದು ಬೇಕು. ಇದನ್ನೂ ಕಾಗದದಲ್ಲಿ ಬರೆದೆ. ಬರೆಯುವಾಗ, ಇದು ಆಸ್ಪತ್ರೆಯವರಿಗೆ ಗೊತ್ತಿರಲ್ವಾ ಅನ್ನಿಸಿತ್ತು. ಆದರೂ ಬರೆದೆ.

ಕಾಗದ ಒಟ್ಟು ಐದು ಪುಟ ಆಯಿತು. ಮೊದಲ ಪುಟದಲ್ಲಿ ವಯಸ್ಸು, ರಕ್ತದ ಗುಂಪು, ಮಾತ್ರೆಗಳು, ಆ ಮೂರು ಮಾತು. ಆಮೇಲೆ ದಾರಿಗೊಂದು ಹಾಳೆ. ಪ್ರತಿ ಹಾಳೆಯಲ್ಲೂ 'ಹೀಗಾದರೆ ಹೀಗೆ' ಅಂತ ಬರೆದೆ. ಡಾಕ್ಟರ್ ಅದನ್ನು ಎರಡು ಸಲ ತಿದ್ದಿದರು. 'ಬಳ್ಳಿ ಕತ್ತರಿಸಲು ಒಂದು ನಿಮಿಷವಾದರೂ ಕಾಯಿರಿ' ಅನ್ನುವುದರ ಪಕ್ಕ 'ಮಗು ಚೆನ್ನಾಗಿ ಅತ್ತರೆ' ಅಂತ ಸೇರಿಸಿದರು. ಇಂಗ್ಲಿಷಿನಲ್ಲೊಂದು, ಕನ್ನಡದಲ್ಲೊಂದು ಪ್ರತಿ ಮಾಡಿದೆ. ಡ್ಯೂಟಿ ಡಾಕ್ಟರಿಗೆ ಇಂಗ್ಲಿಷ್ ಬೇಕು, ಅಮ್ಮನಿಗೆ ಕನ್ನಡ ಬೇಕು. ನೋವಿನಲ್ಲಿ ನಾನು ಮಾತಾಡಲಾಗದಾಗ ನನ್ನ ಪರವಾಗಿ ಮಾತಾಡಬೇಕಾದವರು ಅಮ್ಮ ಮತ್ತು ನಮ್ಮವರು ತಾನೇ? ಅವರಿಬ್ಬರಿಗೂ ಓದಿಸಿದೆ.

ಮಾವ, ಅತ್ತೆಯ ಜೊತೆ ಒಂದು ವಿಷಯ ಮೊದಲೇ ಮಾತಾಡಿದೆವು. ದಿನ ಆರಿಸಿಕೊಳ್ಳಿ ಅಂತ ಡಾಕ್ಟರ್ ಹೇಳಿದರೆ ನಕ್ಷತ್ರ ನೋಡೋಣ. ಅವಸರದಲ್ಲಿ ಆಗುವುದಾದರೆ ಆ ಮಾತು ಯಾರೂ ಎತ್ತುವುದು ಬೇಡ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ" ಅಂದರು.

ದಾರಿಯನ್ನೂ ಅಳೆದೆವು. ಆಸ್ಪತ್ರೆ ಮನೆಯಿಂದ 9 ಕಿಲೋಮೀಟರ್. ಬೆಳಗ್ಗೆ ಒಂಬತ್ತಕ್ಕೆ ಹೊರಟು ನೋಡಿದರೆ ಸಿರ್ಸಿ ಸರ್ಕಲ್ ದಾಟಿ ಅಲ್ಲಿ ಮುಟ್ಟಲು 50 ನಿಮಿಷ. ಹಾಗಾಗಿ ರಕ್ತ ಹೋಗುತ್ತಿದ್ದರೆ ಹಗಲಲ್ಲಿ ಎಲ್ಲಿಗೆ, ರಾತ್ರಿ ಎಲ್ಲಿಗೆ ಅಂತ ಬೇರೆ ಬೇರೆ ಬರೆದೆವು. 108ರ ನಂಬರನ್ನು ಅಮ್ಮನ ಫೋನಿನಲ್ಲಿ ಮೊದಲಿಗೇ ಹಾಕಿಟ್ಟೆ.

33ನೇ ವಾರದಲ್ಲಿ ಬಿಪಿ ಏರಿ ಎರಡು ದಿನ ಅಡ್ಮಿಟ್ ಆದೆ. ಮಗು ಬೇಗ ಹುಟ್ಟಿದರೆ ಶ್ವಾಸಕೋಶ ಗಟ್ಟಿಯಾಗಿರಲಿ ಅಂತ 24 ಗಂಟೆ ಅಂತರದಲ್ಲಿ ಎರಡು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಮೊದಲ ದಾರಿ ಬಹುಶಃ ಮುಚ್ಚಿತು ಅಂತ ಅವತ್ತೇ ಅನ್ನಿಸಿತು. ಮನೆಗೆ ಬಂದು ಆ ಹಾಳೆಯನ್ನು ಹಿಂದಕ್ಕೆ ಹಾಕಿದೆ.

35 ವಾರ 3 ದಿನ. ರಾತ್ರಿ ಒಂದೂ ನಲವತ್ತಕ್ಕೆ ತಲೆನೋವಿನಿಂದ ಎಚ್ಚರವಾಯಿತು. ಕಣ್ಣ ಮುಂದೆ ಮಿಂಚು ಮಿಂಚಾಗಿ ಕಾಣುತ್ತಿತ್ತು. ಬಿಪಿ 166/108. ಫ್ರಿಜ್ ಮೇಲೆ ಅಂಟಿಸಿದ್ದ ಚೀಟಿಯಲ್ಲಿ, '160 ದಾಟಿದರೆ 15 ನಿಮಿಷ ಬಿಟ್ಟು ಮತ್ತೆ ನೋಡಿ. ತಲೆನೋವು, ಕಣ್ಣು ಮಂಜು, ಎದೆ ಕೆಳಗೆ ನೋವು ಇದ್ದರೆ ಕಾಯಬೇಡಿ, ಹೊರಡಿ' ಅಂತಿತ್ತು. ನಾನು ಬೆಳಗಾಗಲಿ ಅನ್ನುತ್ತಿದ್ದೆ. ಅಮ್ಮ ಆ ಚೀಟಿ ತೋರಿಸಿ, "ನೀನೇ ಬರೆದಿದ್ದೀಯಲ್ಲ, ಏಳು" ಅಂದಳು. 17 ನಿಮಿಷದಲ್ಲಿ ಆಸ್ಪತ್ರೆ ಸೇರಿದೆವು.

ಲೇಬರ್ ವಾರ್ಡ್‌ನಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಎಮರ್ಜೆನ್ಸಿಯಲ್ಲೇ ಮೂರು ಗಂಟೆ ಇಟ್ಟುಕೊಂಡರು. 50,000 ಮುಂಗಡ ಕಟ್ಟಿ ಅಂದರು. ನಮ್ಮವರ ಯುಪಿಐ ದಿನದ ಮಿತಿ ಮುಗಿದು ಕಾರ್ಡ್ ಹುಡುಕಬೇಕಾಯಿತು. ಒಂದು ಕಾರ್ಡನ್ನು ಫೈಲಿನಲ್ಲೇ ಇಟ್ಟುಬಿಡಿ. ಡ್ಯೂಟಿಯಲ್ಲಿದ್ದ ಡಾಕ್ಟರ್ ನನ್ನನ್ನು ಯಾವತ್ತೂ ನೋಡಿದವರಲ್ಲ. ಮೊದಲ ಪುಟ ಓದಿ, "ಎಲ್ಲ ಇದೆ ಇದರಲ್ಲಿ" ಅಂದರು. ಮೂತ್ರದಲ್ಲಿ ಪ್ರೋಟೀನ್ ಬಂದಿತ್ತು. ಫಿಟ್ಸ್ ಬರದಂತೆ ಮ್ಯಾಗ್ನೀಷಿಯಂ ಡ್ರಿಪ್ ಹಾಕಿದರು. ಅದು ಒಳಗೆ ಹೋಗುವಾಗ ಮೈಯೆಲ್ಲ ಬೆಂಕಿ ಹಚ್ಚಿದ ಹಾಗೆ ಉರಿಯುತ್ತದೆ. ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಏನೋ ಆಗಿಹೋಯಿತು ಅಂತ ಹೆದರಿದೆ. ಆ ಉರಿ ಸಹಜ, ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ. ಆದರೂ ನರ್ಸ್‌ಗೆ ಹೇಳಿ.

ಬೆಳಗ್ಗೆ ನನ್ನ ಡಾಕ್ಟರ್ ಬಂದು "ಎರಡನೇ ಹಾಳೆ" ಅಂದರು. ಅಷ್ಟೇ ಸಾಕಾಯಿತು, ನಮಗೆ ಮೂವರಿಗೂ ಅರ್ಥವಾಯಿತು. ನೋವು ಬರಿಸಲು ಶುರು ಮಾಡಿದರು. ನೋವು ತಿಳಿಯದಂತೆ ಬೆನ್ನಿಗೆ ಇಂಜೆಕ್ಷನ್ ಬೇಕು ಅಂದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳ ರಿಪೋರ್ಟ್ ಬರುವವರೆಗೆ ಕೊಡಲಾಗದು ಅಂದರು. ಬಿಪಿ ಹೀಗೆ ಏರಿದಾಗ ಪ್ಲೇಟ್‌ಲೆಟ್ ಇಳಿಯಬಹುದು, ತೀರಾ ಇಳಿದಿದ್ದರೆ ಬೆನ್ನಿಗೆ ಚುಚ್ಚುವುದು ಅಪಾಯ. ರಿಪೋರ್ಟಿಗೆ ಎರಡು ಗಂಟೆ ಕಾದೆ. 1,10,000 ಇತ್ತು, ಕೊಟ್ಟರು. ಸಂಜೆವರೆಗೂ ಗರ್ಭಕೋಶದ ಬಾಯಿ ತೆರೆದದ್ದು ನಾಲ್ಕು ಸೆಂಟಿಮೀಟರ್ ದಾಟಲಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿತು. ನನ್ನನ್ನು ಮಗ್ಗುಲು ತಿರುಗಿಸಿದರು, ಆಕ್ಸಿಜನ್ ಇಟ್ಟರು. ಮತ್ತೆ ಇಳಿಯಿತು. ಡಾಕ್ಟರ್ ನನ್ನ ಭುಜ ಹಿಡಿದು, "ಮೂರನೇ ಹಾಳೆಗೆ ಹೋಗೋಣ ಅಲ್ವಾ" ಅಂದರು. ನಾನು ಹೂಂ ಅಂದೆ.

ಅವತ್ತು ಅಮಾವಾಸ್ಯೆ. ಅತ್ತೆ ಫೋನ್ ಮಾಡಿದ್ದರಂತೆ. ನಮ್ಮವರು ವಿಷಯ ಹೇಳಿದಾಗ, "ದೇವರ ಮುಂದೆ ದೀಪ ಹಚ್ಚಿ ಕೂರ್ತೀನಿ, ನೀನು ಅವಳ ಹತ್ರ ಹೋಗು" ಅಂದರಂತೆ. ಇದನ್ನು ಆಮೇಲೆ ಕೇಳಿ ನನ್ನ ಕಣ್ಣು ತುಂಬಿತು.

ನಮ್ಮವರನ್ನು ಥಿಯೇಟರ್ ಒಳಗೆ ಬಿಡಲಿಲ್ಲ. ಮೊದಲು ಬಿಡುತ್ತೇವೆ ಅಂದಿದ್ದರು, ಎಮರ್ಜೆನ್ಸಿ ಆದರೆ ಇಲ್ಲವಂತೆ. ಆ ವಿವರ ನಾವು ಕೇಳಿರಲಿಲ್ಲ. ನೀವು ಕೇಳಿ. ಆದರೆ ಮೂರನೇ ಹಾಳೆಯಲ್ಲಿ, 'ಪತಿಗೆ ಪ್ರವೇಶ ಇಲ್ಲದಿದ್ದರೆ ಏನಾಗುತ್ತಿದೆ ಅಂತ ದಯವಿಟ್ಟು ನನಗೆ ಹೇಳುತ್ತಿರಿ' ಅಂತ ಬರೆದಿದ್ದೆ. ಅರಿವಳಿಕೆ ಡಾಕ್ಟರ್ ಅದನ್ನು ಓದಿದ್ದರು. ನನ್ನ ತಲೆಯ ಹತ್ತಿರ ಕೂತು ಒಂದೊಂದೇ ಹೇಳಿದರು. "ಈಗ ಎಳೆದ ಹಾಗನ್ನಿಸುತ್ತೆ. ಮಗು ಹೊರಗೆ ಬಂತು. ಹೆಣ್ಣು ಮಗು." ಅಳು ಕೇಳಲಿಲ್ಲ. "ಮಕ್ಕಳ ಡಾಕ್ಟರ್ ನೋಡ್ತಿದ್ದಾರೆ. ಉಸಿರಿಗೆ ಸಹಾಯ ಮಾಡ್ತಿದ್ದಾರೆ." ಬಳ್ಳಿ ಕೂಡಲೇ ಕತ್ತರಿಸಿ ಆಗಿತ್ತು. ಎದೆ ಮೇಲೆ ಮಲಗಿಸುವ ಮಾತೇ ಇರಲಿಲ್ಲ. ಆಮೇಲೆ ಸಣ್ಣ ದನಿಯೊಂದು ಕೇಳಿತು. 1 ಕೆಜಿ 980 ಗ್ರಾಂ.

ಉಸಿರಾಟದ ಸಹಾಯಕ್ಕೆ ಮಗುವನ್ನು ಎನ್‌ಐಸಿಯುಗೆ ಕರೆದುಕೊಂಡು ಹೋದರು. ನಮ್ಮವರು ನನ್ನ ಬಾಗಿಲಲ್ಲೇ ನಿಂತುಬಿಟ್ಟಿದ್ದರಂತೆ, ಎತ್ತ ಹೋಗಬೇಕು ಅಂತ ತೋಚದೆ. ಅಮ್ಮ ನಾಲ್ಕನೇ ಹಾಳೆ ಅವರ ಕೈಗಿಟ್ಟಳು. 'ಮಗು ಬೇರೆ ಕಡೆ ಹೋದರೆ ಅಪ್ಪ ಮಗುವಿನ ಜೊತೆ, ಅಮ್ಮ ನನ್ನ ಜೊತೆ.' ಅವರು ಓಡಿದರು.

ಮ್ಯಾಗ್ನೀಷಿಯಂ ಡ್ರಿಪ್ ಹೆರಿಗೆಯ ನಂತರವೂ 24 ಗಂಟೆ ಇತ್ತು. ಏಳುವ ಹಾಗಿರಲಿಲ್ಲ. ಮಗಳನ್ನು ನಾನು ನೋಡಿದ್ದು 26 ಗಂಟೆಯ ನಂತರ, ಗಾಲಿ ಕುರ್ಚಿಯಲ್ಲಿ ಹೋಗಿ. ಅಲ್ಲಿವರೆಗೆ ಗಂಟೆಗೊಂದು ಫೋಟೋ ಬರುತ್ತಿತ್ತು. ಆದರೆ ಹಾಲಿನ ಕೆಲಸ ಮೊದಲೇ ಶುರುವಾಯಿತು. ಆರು ಗಂಟೆಯೊಳಗೆ ಹಾಲು ಹಿಂಡಲು ಸಹಾಯ ಮಾಡಿ ಅಂತ ಹಾಳೆಯಲ್ಲಿತ್ತು. ನರ್ಸ್ ಒಬ್ಬರು ಕೈಯಿಂದಲೇ ಹಿಂಡಿ ಸಿರಿಂಜ್‌ಗೆ ತುಂಬಿದರು. ಮೊದಲ ಸಲ ಬಂದದ್ದು 2 ಎಂಎಲ್. ಇಷ್ಟೇನಾ ಅಂತ ನಾನು ಅತ್ತಾಗ, "ಇಷ್ಟೇ ಸಾಕು ಅವಳಿಗೆ, ಇದು ಔಷಧಿ ಇದ್ದ ಹಾಗೆ" ಅಂದರು. ನಮ್ಮವರು ಸಿರಿಂಜನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿನ ಮಹಡಿಗೆ ತೆಗೆದುಕೊಂಡು ಹೋದರು.

ಆಂಟಿ-ಡಿ ವಿಷಯ. ಮಗಳು ಓ ಪಾಸಿಟಿವ್. ರಿಪೋರ್ಟ್ ಎನ್‌ಐಸಿಯು ಫೈಲಿನಲ್ಲಿ ಕೂತಿತ್ತು, ನನ್ನ ಫೈಲಿಗೆ ಬಂದೇ ಇರಲಿಲ್ಲ. ಹೆರಿಗೆಯಾಗಿ 48 ಗಂಟೆ ಕಳೆದಿತ್ತು. ನಮ್ಮವರು ಕಾಗದ ನೋಡುತ್ತ ಆ ಸಾಲಿಗೆ ಬಂದು ನರ್ಸ್‌ಗೆ ಕೇಳಿದರು. ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಮುಗಿದಿತ್ತು. ಹೊರಗಿನಿಂದ ಐಸ್ ಪ್ಯಾಕ್ ಇಟ್ಟು ತಂದರು, ಸುಮಾರು 2,600 ರೂಪಾಯಿ. 54ನೇ ಗಂಟೆಗೆ ಕೊಟ್ಟಾಯಿತು. ನೆಗೆಟಿವ್ ಗುಂಪಿನವರೇ, ಇದೊಂದನ್ನು ಯಾರ ಮೇಲೂ ಬಿಡಬೇಡಿ. ಮಗುವಿನ ರಕ್ತದ ಗುಂಪು ಏನು ಅಂತ ನೀವೇ ಕೇಳಿ.

ನನಗೆ ಐದನೇ ದಿನ, ಮಗಳಿಗೆ ಆರನೇ ದಿನ ಡಿಸ್‌ಚಾರ್ಜ್. ಎನ್‌ಐಸಿಯು ಮಗುವಿಗೆ ಬೇರೆ ಫೈಲ್, ಬೇರೆ ಮುಂಗಡ, ಬೇರೆ ಬಿಲ್. ನಮಗೆ ಇದು ಗೊತ್ತಿರಲಿಲ್ಲ. ಇನ್ಶೂರೆನ್ಸ್ ಅನುಮತಿ ಬಂದಿದ್ದು ನಾರ್ಮಲ್ ಹೆರಿಗೆಗೆ, ಸಿಸೇರಿಯನ್‌ಗೆ ಮತ್ತೆ ಕೇಳಬೇಕಾಯಿತು. ಬೆಳಗ್ಗೆ ಹತ್ತಕ್ಕೆ ಹೋಗಬಹುದು ಅಂದವರು ಸಂಜೆ ಐದಕ್ಕೆ ಬಿಟ್ಟರು. ಮಗುವಿನ ಬಿಲ್ಲನ್ನು ಮೊದಲು ತಿರಸ್ಕರಿಸಿದರು, ಎಚ್‌ಆರ್ ಮೇಲ್ ತೋರಿಸಿದ ಮೇಲೆ ಒಪ್ಪಿದರು. ನನ್ನದು 2,06,000, ಮಗಳದು 1,02,000. ವಿಮೆಯಿಂದ ಬಂದದ್ದು 1,63,000. ಉಳಿದ 1,45,000 ಕೈಯಿಂದ. ಅದರಲ್ಲಿ ಗ್ಲೌಸ್, ಡೈಪರ್‌ನಂಥವಕ್ಕೇ 14,000 ಆಗಿತ್ತು. ಜನನ ಪ್ರಮಾಣಪತ್ರದ ಅರ್ಜಿಯನ್ನು ಆಸ್ಪತ್ರೆಯವರೇ ಕಳಿಸುತ್ತಾರೆ. 21 ದಿನದೊಳಗೆ ನೋಂದಣಿ ಆಗಬೇಕು. ಅಪ್ಪ ಅಮ್ಮನ ಹೆಸರಿನ ಕಾಗುಣಿತವನ್ನು ಅಲ್ಲೇ ಕೂತು ಓದಿ ಸಹಿ ಹಾಕಿ.

ಡಿಸ್‌ಚಾರ್ಜ್ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಆರ್‌ಒಪಿ ತಪಾಸಣೆ' ಅಂತಿತ್ತು. ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಬೇಗ ಹುಟ್ಟಿದ, 2 ಕೆಜಿಗಿಂತ ಕಡಿಮೆ ಇರುವ ಮಕ್ಕಳ ಕಣ್ಣಿನ ಹಿಂಪರದೆಯನ್ನು 30 ದಿನದೊಳಗೆ ನೋಡಿಸಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು. ರಾಜಾಜಿನಗರದ ನಾರಾಯಣ ನೇತ್ರಾಲಯದಂಥ ಕಡೆ ಇದನ್ನು ನೋಡುವ ತಜ್ಞರಿದ್ದಾರೆ. 28ನೇ ದಿನ ನೋಡಿಸಿದೆವು. ಹಿಂಪರದೆ ಇನ್ನೂ ಪೂರ್ತಿ ಬೆಳೆದಿಲ್ಲ, ಎರಡು ವಾರ ಬಿಟ್ಟು ಬನ್ನಿ ಅಂದರು. ಆ ಎರಡು ವಾರ ನಾನು ಅವಳ ಮುಖದ ಮುಂದೆ ಬೆರಳು ಆಡಿಸುತ್ತಲೇ ಕಳೆದೆ. 42ನೇ ದಿನ ಮತ್ತೆ ಹೋದೆವು. ಕಣ್ಣಿಗೆ ಹನಿ ಹಾಕಿಸಿಕೊಂಡು ಅಮ್ಮನ ಮಡಿಲಲ್ಲಿ ಒಂದು ಗಂಟೆ ಕಾದಳು. ಒಳಗೆ ಕರೆದರು, ನೋಡಿದರು. "ಎರಡೂ ಕಣ್ಣು ಸರಿಯಾಗಿದೆ" ಅಂದರು.